ಸಾಲಿಗೆ ಬಂದ ಗಾಡಿ

ಥೂ, ಇವರ ಗ್ರೂಪಿಗಿಷ್ಟು ಬೆಂಕಿ ಬೀಳ, ಎಂದು ಮಹದೇವು ಫೋನನ್ನು ಬೈಕಿನ ಸೀಟಿನ ಮೇಲೆ ಒಗೆದ. ಒಗೆದ ಕೈಯಲ್ಲೇ ಮತ್ತೆ ಎತ್ತಿಕೊಂಡು ನೋಡಿದ. ವಾಟ್ಸಾಪಿನ ಗಾಡಿಯವರ ಗ್ರೂಪಿಗೆ ಏನೂ ಬಂದಿರಲಿಲ್ಲ. ಹಿರಿಯರ ಹಬ್ಬದ ಮಾರನೆಯ ದಿನ ಅವನೇ ಹಾಕಿದ್ದ ಫೋಟೊ, ಹೊಳಲಿನ ಶಶಿಧರನ ಮನೆ ಮುಂದೆ ಎಲ್ಲರ ಗಾಡಿಗಳೂ ಒಂದೇ ಕಡೆ ಮೂತಿ ತಿರುಗಿಸಿಕೊಂಡು ನಿಂತಿದ್ದ ಫೋಟೊ, ಅದೇ ಕೊನೆಯದು. ಅದರ ಕೆಳಗೆ ಒಂದು ಹೆಬ್ಬೆರಳಿನ ಗುರುತೂ ಇಲ್ಲ. ಆಮೇಲೆ ಆಯುಧಪೂಜೆಯೂ ಬಂದು ಹೋಯಿತು. ಒಂದು ಕನ್ನಡಿ ಬದಲಾಯಿಸಿದರೂ ಹಿಂದಿನಿಂದ ಮುಂದಿನಿಂದ ಫೋಟೊ ಹಾಕುತ್ತಿದ್ದ ಜನ, ಸೈಲೆನ್ಸರಿನ ಸದ್ದು ರೆಕಾರ್ಡು ಮಾಡಿ 'ಹೆಂಗದೆ ಹೇಳ್ರಪ್ಪಾ' ಎಂದು ಬೆಳಗಾಗುವ ಮುಂಚೆ ಕಳಿಸುತ್ತಿದ್ದ ಜನ, ಆಯುಧಪೂಜೆಯ ದಿನ ಒಂದು ಬೂದುಗುಂಬಳದ ಫೋಟೊ ಕೂಡ ಹಾಕಲಿಲ್ಲವೆಂದರೆ ಅದಕ್ಕೆ ಏನರ್ಥ? ಭತ್ತಕ್ಕೆ ನೀರು ಕಟ್ಟುವ ಕಾಲ, ಎಲ್ಲರಿಗೂ ಕೆಲಸ, ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಯಾರಿಗೆ ಹೇಳಿದರೂ ನಂಬದ ಮಾತನ್ನು ತಾನೊಬ್ಬ ನಂಬಿಕೊಂಡು ಕಾಲೇಜಿಗೆ ಹೋಗಿ ಪಾಠ ಮಾಡಿ ಬಂದಿದ್ದ. ಈಗ ಭಾನುವಾರ, ಮಂಡ್ಯದ ಬಾಡಿಗೆ ಮನೆಯ ಮುಂದೆ, ಹಳೇ ಬನಿಯನ್ನಿನ ತುಂಡಿನಿಂದ ಲೆಗ್ ಗಾರ್ಡನ್ನು ಉಜ್ಜುತ್ತಿದ್ದ. ಅದು ಆಗಲೇ ಹೊಳೆಯುತ್ತಿತ್ತು.

ನಿನ್ನೆ ಸಂಜೆ ಆ ನಿಂಗಯ್ಯ ಬಾಯಿ ಬಿಡದೇ ಇದ್ದಿದ್ದರೆ ಇವತ್ತೂ ನಂಬಿಕೊಂಡೇ ಇರುತ್ತಿದ್ದನೇನೋ. ನಿಂಗಯ್ಯನದು ನಂಬರ್ ಪ್ಲೇಟು ಬರೆಯುವ, ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿ. ಮಂಡ್ಯದಲ್ಲಿ ಓಡಾಡುವ ಅರ್ಧ ಗಾಡಿಗಳ ಹಣೆಬರಹ ಬರೆದವನು ಅವನೇ. ಮಹದೇವು ಪ್ಲೇಟಿನ ಸ್ಕ್ರೂ ಕೇಳಲು ಹೋದರೆ, "ಏನ್ಸಾ, ನಾಳೀಕೆ ಮದ್ದೂರಲ್ಲಿ ನಿಮ್ದು ಗಾಡಿ ಶೋ ಅಂತಲ್ಲಾ? ಶಶಿಯಣ್ಣ ಎಲ್ರುಗೂ ಒಂದೇ ತರ ಸ್ಟಿಕ್ಕರ್ ಒಡೆಸ್ಕೊಂಡು ಓದ್ರು. ನಿಮ್ದೊಂದು ಬಿಟ್ಟೋಗದೆ, ಹೆಸ್ರು ಬರ್ದ ಚೀಟಿಲೇ ಇರ್ಲಿಲ್ಲ," ಎಂದ. ಪಾಪ, ಅವನಿಗೇನು ಗೊತ್ತು. "ಗ್ರೂಪಲ್ಲಿ ಹಾಕಿದ್ರಲ್ಲ ಸಾ, ನಂಗೂ ಬಂದದೆ ನೋಡಿ," ಎಂದು ತನ್ನ ಫೋನನ್ನು ಮುಂದೆ ಹಿಡಿದ. ಬೇರೆ ಗ್ರೂಪು. ಅದೇ ಹೆಸರು, ಅದೇ ಹದ್ದಿನ ಚಿತ್ರ. ಸ್ಟಿಕ್ಕರ್ ಅಂಗಡಿಯವನೂ ಇದ್ದಾನೆ ಅದರಲ್ಲಿ. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಹೊಸ ಮನೆಗೆ ಹೋಗಿ, ಹಳೇ ಮನೆಯಲ್ಲಿ ಇವನೊಬ್ಬನನ್ನೇ ಬಿಟ್ಟಿದ್ದರು. ಬಾಗಿಲು ಮುಚ್ಚುವ ಮರ್ಯಾದೆಯನ್ನೂ ಮಾಡಿರಲಿಲ್ಲ. ಮಹದೇವು ಸ್ಕ್ರೂ ತೆಗೆದುಕೊಳ್ಳದೆ ಬಂದುಬಿಟ್ಟ.

ಗಾಡಿ ತೆಗೆದುಕೊಂಡಾಗ ಅವನಿಗೆ ಗ್ರೂಪು ಬೇಕೆಂದೇನೂ ಇರಲಿಲ್ಲ. ಮಳವಳ್ಳಿಯ ಕಾಲೇಜಿಗೆ ಹೋಗಿ ಬರಲು ಬಸ್ಸಿಗೆ ಕಾದು ಕಾದು ರೋಸಿಹೋಗಿತ್ತು. ಶೋರೂಮಿನಲ್ಲಿ ಅದರ ಮೇಲೆ ಕೂತ ಕೂಡಲೇ ಬೆನ್ನು ತಾನಾಗಿ ಹಿಂದಕ್ಕೆ ವಾಲಿತು, ಕಾಲು ಮುಂದಕ್ಕೆ ಚಾಚಿತು. ಚಿಕ್ಕ ಎಂಜಿನ್ನಿನ ಗಾಡಿಯೇ ಸರಿ, ಆದರೆ ಕುರ್ಚಿಯಲ್ಲಿ ಕೂತಂತೆ ಕೂರಿಸುತ್ತದೆ. ಅವನ ಅಪ್ಪ ಪುಟ್ಟಮಾದಯ್ಯ ಯಲಿಯೂರು ಸ್ಟೇಷನ್ನಿನ ಆಚೀಚೆ ರೈಲು ಹಳಿ ತಟ್ಟಿಕೊಂಡು ನಡೆದವನು. ಕೂತು ಮಾಡುವ ಕೆಲಸ ಅಂದರೇನು ಅಂತ ಕಾಣದವನು. ಊರಿಗೆ ಗಾಡಿ ತಂದ ದಿನ ಅಪ್ಪ ಸುತ್ತಲೂ ಒಂದು ಸುತ್ತು ಬಂದು, "ಕೂತ್ರೆ ದೊರೆ ಕೂತಂಗ್ ಕಾಣ್ಬೇಕು ಕಣ್ಲಾ, ಬಗ್ಗಬ್ಯಾಡ," ಅಂದಿದ್ದ. ಆಮೇಲೆ ಶುರುವಾಯಿತು ಹುಚ್ಚು. ಮೊದಲು ಲೆಗ್ ಗಾರ್ಡು, ಆಮೇಲೆ ಹಿಂದೆ ಒರಗಲು ಬ್ಯಾಕ್ ರೆಸ್ಟು, ಚರ್ಮದ ಸೈಡ್ ಬ್ಯಾಗು, ಹ್ಯಾಂಡಲ್ಲಿನ ತುದಿಗೆ ಕುಚ್ಚು, ಮಂಜುದೀಪ. ಸಾಮಾನು ಹುಡುಕಿಕೊಂಡು ಹೋದಾಗ ಶಶಿಧರ ಸಿಕ್ಕ. ಹಾರ್ಡ್‌ವೇರ್ ಅಂಗಡಿಯವನು, ಅವನದೂ ಅದೇ ಗಾಡಿ. ಮುಂದಿನ ದೊಡ್ಡ ಗ್ಲಾಸನ್ನು ತಾನೇ ಮಂಡಿಯೂರಿ ಕೂತು ಸ್ಪಾನರ್ ಹಿಡಿದು ಕೂರಿಸಿಕೊಟ್ಟ. ಕಾಸು ಕೊಡಲು ಹೋದರೆ, "ಅಣ್ಣೋ, ಗಾಡಿಯೋರು ಗಾಡಿಯೋರ್ ತಾವ ಕಾಸ್ ಇಸ್ಕೊಂಡ್ರೆ ನರ್ಕಕ್ಕೋಯ್ತಾರೆ," ಎಂದು ನಕ್ಕ. ಅಣ್ಣ. ಆ ಒಂದು ಮಾತಿಗೆ ಮಹದೇವು ಎಷ್ಟು ಭಾನುವಾರಗಳನ್ನು ಸುರಿದ ಅಂತ ಅವನಿಗೇ ಲೆಕ್ಕವಿಲ್ಲ.

ಗ್ಲಾಸು ಬಂದ ಮೇಲೆ ಒಂದು ಪೀಕಲಾಟವೂ ಬಂತು. ಗುಂಪಿನಲ್ಲಿ ಎಲ್ಲರ ಗ್ಲಾಸಿನ ಮೇಲೂ ಏನಾದರೊಂದು ಬರೆದಿತ್ತು. ಒಬ್ಬನದು ಕಾಲಭೈರವ, ಒಬ್ಬನದು ಗೌಡ್ರ ಗತ್ತು, ಒಬ್ಬನದು ಅವ್ವನ ಆಶೀರ್ವಾದ. ಮಂಡ್ಯದಲ್ಲಿ ಗಾಡಿಯನ್ನು ಎದುರಿನಿಂದ ನೋಡಿದರೆ ಸಾಕು, ಸವಾರನ ಮನೆದೇವರು, ಬೀದಿ, ಬೀಗರು ಎಲ್ಲಾ ಗೊತ್ತಾಗುತ್ತದೆ. ಇವನದು ಮಾತ್ರ ಬರಿ ಗ್ಲಾಸು. 'ಏನ್ ಬರೀಲಿ ಸಾ' ಎಂದು ನಿಂಗಯ್ಯ ಬ್ಲೇಡು ಹಿಡಿದು ಕೂತಾಗ, ಏನೂ ಬೇಡ, ಕ್ಲೀನಾಗಿರಲಿ, ಎಂದಿದ್ದ. ಮನೆಗೆ ಬಂದರೆ ಹೆಂಡತಿ ಅರುಂಧತಿ, "ಜೈ ಭೀಮ್ ಅಂತ ಹಾಕ್ಸು, ನೀಲಿ ಅಕ್ಷರದಲ್ಲಿ. ಕಪ್ಪು ಗಾಡಿಗೆ ಎದ್ದು ಕಾಣ್ತದೆ," ಅಂದಳು. ಕಾಲೇಜಿಗೆ ಹೋಗೋ ಗಾಡಿ ಕಣೇ, ಅಂದ. "ಮಿಕ್ಕಿದೋರ ಗಾಡಿಯೆಲ್ಲಾ ಮಸಣಕ್ಕೋಯ್ತವಾ?" ಅಂದಳು. ಅವಳು ಮಳವಳ್ಳಿಯವಳು, ಬಿ.ಎಡ್. ಓದುವಾಗ ಇವನನ್ನು ಒಪ್ಪಿ ಕಟ್ಟಿಕೊಂಡವಳು. ಒಂದು ಮಾತು ಆಡಿದರೆ ಎರಡನೆಯದು ಬಾಯಲ್ಲಿ ಸಿದ್ಧವಾಗಿರುತ್ತದೆ. ಶಶಿಧರ ಮಾತ್ರ ಬರಿ ಗ್ಲಾಸನ್ನು ಮೆಚ್ಚಿದ. ಮೇಷ್ಟ್ರು ಅಂದ್ರೆ ಹಂಗಿರ್ಬೇಕು, ಎಂದ. ಅವನು ಮೆಚ್ಚಿದ್ದಕ್ಕೆ ಮಹದೇವುಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

"ಅದ್ನೇನ್ ತೇಯ್ದು ಗಂಧ ತೆಗೀತೀಯಾ? ಹೊತ್ತಾಯ್ತು, ಅವ್ವ ಕಾಯ್ತಿರ್ತಳೆ," ಎಂದು ಅರುಂಧತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಮಳವಳ್ಳಿಯ ಅವಳ ತವರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಮದ್ದೂರಿನ ಮೇಲೆ ಹೋಗಿ ಒಂದು ಗಳಿಗೆ ನಿಲ್ಲಿಸುತ್ತೇನೆ, ಅಲ್ಲಿ ನಮ್ಮ ಶೋ ಇದೆ, ಎಂದ. ನಮ್ಮ ಎನ್ನುವಾಗ ನಾಲಗೆ ತಡವರಿಸಿತು. "ಕರ್ದವ್ರಾ?" ಎಂದಳು. ಅವನು ಹೆಲ್ಮೆಟ್ಟು ಹಾಕಿಕೊಂಡ. ಹೆಲ್ಮೆಟ್ಟು ಹಾಕಿಕೊಂಡರೆ ಉತ್ತರ ಕೊಡುವ ಕಷ್ಟ ಇರುವುದಿಲ್ಲ.

ಹಳೇ ಹೆದ್ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಹೋಗುವಾಗ ಅವನ ಬಾಯಿಗೆ ಮಾಂಸದ ಸಾರಿನ ರುಚಿ ಬಂತು. ಹೊಳಲಿನ ಆ ಸಾರು. ಹಿರಿಯರ ಹಬ್ಬಕ್ಕೆ ಗಾಡಿಯವರೆಲ್ಲಾ ನಮ್ಮನೇಗೆ ಬರಬೇಕು ಎಂದು ಶಶಿಧರ ಹಟ ಹಿಡಿದಿದ್ದ. ನಡುಮನೆಯಲ್ಲಿ ಸತ್ತವರಿಗೆ ಎಡೆ ಇಟ್ಟಿದ್ದರು: ಶಶಿಧರನ ತಂದೆಯ ಫೋಟೊ, ಮಡಿಸಿಟ್ಟ ಹೊಸ ಪಂಚೆ, ಬಾಡು, ಒಂದು ಕಟ್ಟು ಬೀಡಿ, ಕ್ವಾಟರ್ ಬಾಟಲಿ. ಅದರ ಎದುರಿಗೇ ಎಲೆ ಹಾಕಿದರು. ಮಹದೇವು ಇಂಥದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದ. ಅಪ್ಪ ದೀಕ್ಷೆ ತೆಗೆದುಕೊಂಡ ಮೇಲೆ ಮನೆಯಿಂದ ದೇವರ ಫೋಟೊಗಳು ಹೋದವು, ಎಡೆಯೂ ಹೋಯಿತು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು, ಇಷ್ಟೆ. ಶಶಿಧರನ ತಾಯಿ ಬಡಿಸುತ್ತಾ ಬಂದು ಇವನ ಎಲೆಯ ಮುಂದೆ ನಿಂತರು. "ನೀನಾ ಮೇಷ್ಟ್ರು? ಯಾಕಪ್ಪಾ ಇಂಗ್ ಸೊರಗಿದ್ದೀಯೆ? ತಿನ್ನು ಮಗ," ಎಂದು ಒಳ್ಳೇ ನಲ್ಲಿಮೂಳೆ ಆರಿಸಿ ಹಾಕಿದರು. "ಯಾವೂರು?" ಕೊತ್ತತ್ತಿ ಪಕ್ಕ. "ಮನೇದೇವ್ರು ಯಾವ್ದು?" ಅಗಿಯುತ್ತಿದ್ದ ಬಾಯಿ ನಿಂತಿತು. ಮಾದಪ್ಪ, ಎಂದ. ಮಾದಪ್ಪ ಎಂದರೆ ಯಾರಿಗೂ ಯಾವುದೂ ಗೊತ್ತಾಗುವುದಿಲ್ಲ, ಎಲ್ಲರಿಗೂ ಒಲಿದವನು, ಎಲ್ಲಾ ಬೀದಿಯಲ್ಲೂ ಒಕ್ಕಲು ಇಟ್ಟವನು. ಆ ಕಾಲದಲ್ಲಿ ಅವನ ಅಜ್ಜಿಯೂ ಬೆಟ್ಟಕ್ಕೆ ನಡೆದವಳೇ. ಅಲ್ಲಿಗೆ ಬಿಟ್ಟಿದ್ದರೆ ಅರ್ಧ ನಿಜವಾದರೂ ಉಳಿಯುತ್ತಿತ್ತು. "ಕೊತ್ತತ್ತಿ ತಾವ ನಮ್ಮ್ ತಂಗಿ ಮಗಳ ಕೊಟ್ಟಿವ್ನಿ ಕಣಪ್ಪ. ಯಾರ್ ಮಗ ನೀನು?" ಎಂದರು. ಪುಟ್ಟಣ್ಣನ ಮಗ, ಎಂದ.

ಪುಟ್ಟಣ್ಣ! ಅಪ್ಪನ ಹೆಸರಿನ ಬಾಲವನ್ನು, ಬೀದಿ ಯಾವುದೆಂದು ಹೇಳಿಬಿಡುವ ಮಾದಯ್ಯನನ್ನು, ಕಚಕ್ಕನೆ ಕತ್ತರಿಸಿ, ಅಲ್ಲಿಗೊಂದು ಅಣ್ಣನನ್ನು ಅಂಟಿಸಿದ್ದ. ಯಾರೂ ಕತ್ತು ಹಿಸುಕಿರಲಿಲ್ಲ. ಅಷ್ಟು ಸಲೀಸಾಗಿ ಬಂತು, ಎಷ್ಟೋ ದಿನದಿಂದ ಬಾಯಲ್ಲಿ ಸಿದ್ಧವಾಗಿದ್ದ ಹಾಗೆ. ಆ ತಾಯಿ ಇನ್ನೊಂದು ಸೌಟು ಸಾರು ಬಿಟ್ಟರು. ಸಾರು ಚೆನ್ನಾಗಿತ್ತು, ದರಿದ್ರದ್ದು, ಬಹಳ ಚೆನ್ನಾಗಿತ್ತು. ಎಲೆ ಬಳಿದು ಉಂಡಿದ್ದ. ಈಗ ಟ್ರಾಕ್ಟರಿನ ಹಿಂದೆ ಹಾರ್ನ್ ಒತ್ತಿ ಹಿಡಿದು, ಜಾಗ ಬುಡ್ಲಾ, ಎಂದು ಕೂಗಿದ. ಟ್ರಾಕ್ಟರಿನವನು ಕೇಳಿಸಿಕೊಳ್ಳಲಿಲ್ಲ. "ಯಾರ್ ಮೇಲೆ ಕೋಪ ಮಾಡ್ಕೊಂಡು ಯಾರ್ಗ್ ಬೈತೀಯಾ?" ಎಂದು ಹಿಂದಿನಿಂದ ಅರುಂಧತಿ ಬೆನ್ನಿಗೆ ತಿವಿದಳು.

ಮದ್ದೂರಿನ ಹೊರಗೆ ಕಲ್ಯಾಣ ಮಂಟಪದ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿತ್ತು. ಮೈಕಿನಲ್ಲಿ ಯಾರೋ 'ಹಲೋ, ಹಲೋ' ಎಂದು ಪರೀಕ್ಷೆ ಮಾಡುತ್ತಿದ್ದ. ಕೆಂಪು ನೆಲಹಾಸಿನ ಮೇಲೆ ಗಾಡಿಗಳು ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಹೂವಿನ ಹಾರ, ಎಲ್ಲದರ ಟ್ಯಾಂಕಿನ ಮೇಲೂ ನಿಂಗಯ್ಯ ಕತ್ತರಿಸಿದ ಹದ್ದು. ಒಂದೊಂದು ಗಾಡಿಯೂ ಮಹದೇವುಗೆ ಗೊತ್ತು. ಯಾವುದರ ಹ್ಯಾಂಡಲ್ಲು ಯಾವ ಊರಿಂದ ತರಿಸಿದ್ದು, ಯಾವುದರ ದೀಪ ಮಳೆಯಲ್ಲಿ ಮಂಕಾಗುತ್ತದೆ, ಎಲ್ಲಾ. ಗಾಡಿಗಳು ಗುರುತು ಹಿಡಿದವು ಅನ್ನಿಸಿತು. ಗಾಡಿಯವರು ಮಾತ್ರ ಅವನ ಎಂಜಿನ್ನಿನ ಸದ್ದು ಕೇಳಿ ತಲೆಯೆತ್ತಿ, ಕೂಡಲೇ ತಮ್ಮ ತಮ್ಮ ಚೈನು, ಕನ್ನಡಿಗಳ ಕಡೆ ಬಗ್ಗಿದರು. ಎಲ್ಲರಿಗೂ ಒಟ್ಟಿಗೇ ಕೆಲಸ ಬಂತು. ಶಶಿಧರನೊಬ್ಬ ಕೈ ಒರೆಸಿಕೊಳ್ಳುತ್ತಾ ಎದುರಿಗೆ ಬಂದ.

"ಓ, ಬನ್ನಿ ಸಾರ್, ಬನ್ನಿ ಬನ್ನಿ. ಅಕ್ಕಾನೂ ಬಂದವ್ರೆ. ಬೆಳಗಿಂದ ಒಂದೇ ಓಡಾಟ ಸಾರ್, ಹೊಟ್ಟೆಗೆ ಒಂದು ತೊಟ್ಟು ಕಾಪಿ ಬಿದ್ದಿಲ್ಲ," ಎಂದ.

ಸಾರ್. ಮಹದೇವು ಆ ಶಬ್ದವನ್ನು ಕಲ್ಲು ಸಿಕ್ಕ ಅನ್ನದ ಹಾಗೆ ಬಾಯಲ್ಲೇ ಆಡಿಸಿದ. ಜೀವಮಾನದಲ್ಲಿ ಇಷ್ಟು ಮರ್ಯಾದೆಯಿಂದ ಯಾರೂ ಅವನನ್ನು ದೂರ ತಳ್ಳಿರಲಿಲ್ಲ. ಗಾಡಿಯಿಂದ ಇಳಿಯದೆಯೇ, ನನ್ನ ಜಾಗ ಎಲ್ಲಿ, ಎಂದು ಕೇಳಿದ. ಶಶಿಧರ ಸಾಲಿನ ಕಡೆ ನೋಡಿದ, ನೆಲ ನೋಡಿದ. ಹೆಸರು ಮೊದಲೇ ಕೊಡಬೇಕಿತ್ತು, ಎಂದ. ಯಾರಿಗೆ ಕೊಡಬೇಕಿತ್ತು, ಯಾವ ಗ್ರೂಪಿನಲ್ಲಿ ಕೇಳಿದಿರಿ, ಎಂದು ಮಹದೇವು ಕೇಳಿದ. ಅವನ ದನಿ ಅವನಿಗೇ ಗೊತ್ತಾಗುವಂತೆ ಏರಿತು. ಬಗ್ಗಿದ್ದವರಲ್ಲಿ ಇಬ್ಬರು ಇನ್ನಷ್ಟು ಬಗ್ಗಿದರು.

"ಜಾತಿಗೋಸ್ಕರ ಅಂತ ಮಾತ್ರ ತಿಳ್ಕೊಬ್ಯಾಡಿ ಸಾರ್," ಎಂದ ಶಶಿಧರ. ಹೇಳಬೇಕಾದ್ದನ್ನು ಬಹಳ ದಿನದಿಂದ ಕಟ್ಟಿಟ್ಟುಕೊಂಡವನಂತೆ ಒಂದೇ ಉಸಿರಿಗೆ ಬಿಚ್ಚಿದ. "ನಮ್ಗೆ ಅದೆಲ್ಲಾ ಇಲ್ಲ. ನಿಮ್ ಬಾಟ್ಲಿ ನೀರು ನಾನ್ ಕುಡ್ದಿಲ್ವಾ? ನೀವು ಸುಳ್ಳೇಳಿದ್ರಲ್ಲ, ಅದು ಬೇಜಾರು. ನಮ್ಮವ್ವ ಎಷ್ಟು ನೊಂದ್ಕೊಂಡ್ಲು ಗೊತ್ತಾ? ಕೊತ್ತತ್ತಿ ತಾವ ಕೊಟ್ಟಿರೋ ನಮ್ಮ್ ಅಕ್ಕನ ಫೋನ್ ಬಂದ್ಮೇಲೆ ಎರಡ್ ದಿನ ಉಣ್ಲಿಲ್ಲ. ಮನೆಯೆಲ್ಲಾ ತೊಳ್ಸಿ, ಅಪ್ಪಂಗೆ ಇನ್ನೊಂದ್ಸಲ ಎಡೆ ಇಟ್ಲು." ಇಟ್ಟಳು ಎಂದ ಮೇಲೆ ಅವನಿಗೇ ಕೇಳಿಸಿತು. ನಾಲಗೆ ಕಚ್ಚಿಕೊಂಡ.

ಮನೆ ತೊಳೆಸಿದರು. ಮಹದೇವು ಕೂತಿದ್ದ ಜಾಗಕ್ಕೆ ನೀರು ಸುರಿದು, ಸಗಣಿಯೋ ಫಿನಾಯಿಲೋ ಹಾಕಿ, ಸತ್ತವನಿಗೆ ಮತ್ತೆ ಬಾಡು ಬೇಯಿಸಿ. ಕೈ ಎತ್ತಬೇಕು, ಹಲ್ಲು ಉದುರುವ ಹಾಗೆ ಬಿಡಬೇಕು. ಆದರೆ ಇವನು ಹೇಳಿದ ಇನ್ನೊಂದು ಮಾತಿದೆಯಲ್ಲ, ಅದು ನಿಜ. ಸುಳ್ಳು ಹೇಳಿದ್ದು ನಿಜ. ಅದೇ ಅವನ ಕೈ ಹಿಡಿದಿತ್ತು. ಇವರ ಕೊಳಕನ್ನು ಮುಚ್ಚಿಕೊಳ್ಳಲು ತಾನೇ ಇವರ ಕೈಗೆ ಒಂದು ಒಳ್ಳೇ ಬಟ್ಟೆ ಕೊಟ್ಟು ಬಂದಿದ್ದ. ಅವತ್ತು ಪುಟ್ಟಮಾದಯ್ಯನ ಮಗ ಎಂದಿದ್ದರೆ ಇವತ್ತು ಇವನಿಗೆ ಆಡಲು ಒಂದು ಮಾತಾದರೂ ಇರುತ್ತಿತ್ತೇ? ಬೇಜಾರಂತೆ. ಬೇಜಾರು ಮಾಡಿಕೊಳ್ಳುವ ಹಕ್ಕೂ ಇವರದೇ.

"ಏನ್ ಸುಳ್ಳು?" ಎಂದಳು ಅರುಂಧತಿ. ಅವಳು ಇಳಿದು ಪಕ್ಕದಲ್ಲಿ ನಿಂತಿದ್ದಳು. ಗಂಡನನ್ನು ಕೇಳಿದ್ದೋ, ಶಶಿಧರನನ್ನೋ, ಗೊತ್ತಾಗಲಿಲ್ಲ. ಮಹದೇವು ಹ್ಯಾಂಡಲ್ಲಿನ ಕುಚ್ಚನ್ನು ಬೆರಳಿಗೆ ಸುತ್ತಿಕೊಂಡ. ಶಶಿಧರನೇ ಹೇಳಿದ: "ಕೊತ್ತತ್ತಿ ಪುಟ್ಟಣ್ಣನ ಮಗ ಅಂದ್ರು ಅಕ್ಕ."

"ಯಾವ್ ಪುಟ್ಟಣ್ಣ?" ಎಂದವಳು ಗಂಡನ ಮುಖ ನೋಡಿದಳು. ಆ ನೋಟವನ್ನು ಅವನು ಬಹಳ ದಿನ ಮರೆಯಲಾರ. ಅದರಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದ. "ಮಾವನ ಹೆಸ್ರು ಪುಟ್ಟಮಾದಯ್ಯ," ಎಂದಳು, ಮೈಕಿನವನಿಗೂ ಕೇಳುವ ಹಾಗೆ. "ಯಲಿಯೂರಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದೋರು. ನೀವೆಲ್ಲಾ ಬೆಂಗಳೂರ್ಗೆ ಹೋಗಿ ಬಂದಿರೋದು ಅವ್ರು ಕಾಯ್ದಿರೋ ಹಳಿ ಮೇಲೆ." ಆಮೇಲೆ ಗಂಡನ ಕಡೆ ತಿರುಗಿ, "ನಿಂದು ಮನೇಲಿ ಮಾತಾಡ್ತೀನಿ," ಎಂದಳು ಮೆಲ್ಲಗೆ.

ಅವಳು ಹಾಗೆಂದದ್ದೇ ಅವನ ಕೈಯನ್ನು ಬಿಡಿಸಿತು. ಮನೆಯಲ್ಲಿ ಏನಾಗಬೇಕೋ ಆಗಲಿ. ಮಹದೇವು ಗಾಡಿಯಿಂದ ಇಳಿದ, ಹೆಲ್ಮೆಟ್ಟು ತೆಗೆದ. "ಹೂಂ, ಸುಳ್ಳು ಹೇಳ್ದೆ. ತಪ್ಪು ನಂದೇ," ಎಂದ. "ನಿಜ ಹೇಳಿದ್ರೆ ನನ್ನೆಲೆ ಎಲ್ಲಿ ಹಾಕ್ತಿದ್ದೆ ಶಶಿ?"

"ಅದೆಲ್ಲಾ ಈಗ್ಯಾಕೆ ಸಾರ್. ಅವ್ವ ಹಳೇ ಕಾಲದೋಳು..."

"ಅವ್ವನ್ನ ಕೇಳ್ಲಿಲ್ಲ. ಎಲೆ ಎಲ್ಲಿ ಹಾಕ್ತಿದ್ದೆ ಹೇಳು."

ಶಶಿಧರ ಕೈಯಲ್ಲಿದ್ದ ಅರಿವೆಯನ್ನು ಮಡಿಸಿದ, ಬಿಚ್ಚಿದ. ಅವನ ಮುಖದಲ್ಲಿ ಮೋಸವಿರಲಿಲ್ಲ, ಅದೇ ಇನ್ನೂ ಸಿಟ್ಟು ಬರಿಸುವಂತಿತ್ತು. "ಜಗಲಿ ಮ್ಯಾಲೆ ಹಾಕ್ತಿದ್ವೇನೋ," ಎಂದ ಕೊನೆಗೆ. "ಆದ್ರೆ ನಾನೂ ಎಲೆ ತಕ್ಕೊಂಡ್ ಬಂದು ನಿಮ್ ಪಕ್ಕದಲ್ಲೇ ಕೂತ್ಕೊತಿದ್ದೆ. ದೇವ್ರಾಣೆಗೂ ಸಾರ್." ಕೂರುತ್ತಿದ್ದ. ಮಹದೇವುಗೆ ಅದು ಗೊತ್ತು. ಜಗಲಿಯ ಮೇಲೆ ಪಕ್ಕದಲ್ಲಿ ಕೂತು, ನಗಿಸುತ್ತಾ, ಇನ್ನೊಂದು ತುಂಡು ಹಾಕಿಸುತ್ತಾ, ಒಳಗಿದ್ದವರ ಕಡೆ ತಿರುಗಿ ನೋಡದೆ ಉಣ್ಣುತ್ತಿದ್ದ. ಒಳ್ಳೆಯವನೇ. ಒಳಗೆ ಕರೆಯಲು ಮಾತ್ರ ಅವನ ಕೈಲಾಗುತ್ತಿರಲಿಲ್ಲ. ಇಂಥ ಒಳ್ಳೆಯತನಕ್ಕಿಂತ ಮುಖಕ್ಕೆ ಉಗಿಯುವವನೇ ಎಷ್ಟೋ ಮೇಲು ಎಂದುಕೊಂಡ ಮಹದೇವು, ಎಂಜಿನ್ನು ಆರಿಸಿದ ಗಾಡಿಯನ್ನು ಹ್ಯಾಂಡಲ್ಲು ಹಿಡಿದು ತಳ್ಳಿಕೊಂಡೇ ಕೆಂಪು ನೆಲಹಾಸಿನ ಮೇಲೆ ಹತ್ತಿಸಿದ. ಭಾರದ ಗಾಡಿ, ದಬ್ಬುವಾಗ ಬೆನ್ನು ಬಗ್ಗಲೇಬೇಕಾಯಿತು. ಯಾರೂ ಕೈ ಕೊಡಲಿಲ್ಲ, ಯಾರೂ ಅಡ್ಡವೂ ಬರಲಿಲ್ಲ. ಶಶಿಧರನ ಗಾಡಿಯ ಪಕ್ಕ ಇದ್ದ ಸಂದಿಯಲ್ಲಿ ತೂರಿಸಿ ಸ್ಟ್ಯಾಂಡು ಹಾಕಿದ. ಹಾರವಿಲ್ಲ, ಹದ್ದಿಲ್ಲ. ಆಚೆ ಪಕ್ಕದವನು ತನ್ನ ಗಾಡಿಗೆ ಬಿಸಿಲು ಬೀಳುತ್ತಿದೆ ಎಂದು ಗೊಣಗಿಕೊಂಡು ಅದನ್ನು ಒಂದು ಮಾರು ಸರಿಸಿದ. ಶಾಮಿಯಾನದ ಕೆಳಗೆ ಬಿಸಿಲೇ ಇರಲಿಲ್ಲ.

ಆಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಗಾಡಿಯನ್ನು ಎತ್ತಿ ಹೊರಗಿಡಲು ಮುಂದೆ ಬರುವ ಧೈರ್ಯ ಯಾರಿಗೂ ಇಲ್ಲ. ಏನಣ್ಣ ಚೆನ್ನಾಗಿದ್ದೀಯಾ ಎನ್ನಲು ಅದಕ್ಕಿಂತ ಧೈರ್ಯ ಬೇಕು. ಆಗ ಅರುಂಧತಿ ಸೈಡ್ ಬ್ಯಾಗಿನ ಬಕಲ್ಲು ಬಿಚ್ಚಿ, ಅವ್ವನಿಗೆಂದು ತಂದಿದ್ದ ಡಬ್ಬಿಯನ್ನು ತೆಗೆದಳು. ಸೀಟಿನ ಮೇಲೆ ಇಟ್ಟು ಮುಚ್ಚಳ ಎತ್ತಿದಳು. ಒತ್ತು ಶಾವಿಗೆ, ಕೋಳಿ ಸಾರು. ಹೂವಿನ ಹಾರಗಳ ವಾಸನೆಯನ್ನು ಒತ್ತರಿಸಿಕೊಂಡು ಮಸಾಲೆಯ ವಾಸನೆ ಎದ್ದಿತು. ಮುಚ್ಚಳಕ್ಕೆ ಒಂದಿಷ್ಟು ಶಾವಿಗೆ ಹಾಕಿ, ಸಾರು ಬಿಟ್ಟು, ತುಂಡು ಆರಿಸಿ ಇಟ್ಟು, ಶಶಿಧರನ ಮುಂದೆ ಹಿಡಿದಳು.

"ತಗೊಳಿ ಶಶಿಧರಣ್ಣ. ನಮ್ಮೋರು ನಿಮ್ಮನೇಲಿ ಉಂಡವ್ರೆ, ಋಣ ಯಾಕೆ ಇಟ್ಕೊಳದು? ಬೆಳಗಿಂದ ಹಸ್ಕೊಂಡಿದ್ದೀರಿ," ಎಂದಳು. "ಇದ್ರಲ್ಲಿ ಸುಳ್ಳಿಲ್ಲ. ಯಾರ್ ಕೈಲಿ ಮಾಡಿದ್ದು ಅಂತ ನಿಮ್ಗೂ ಗೊತ್ತು, ಇಲ್ಲಿರೋರ್ಗೆಲ್ಲಾ ಗೊತ್ತು."

ಶಶಿಧರನ ಕೈ ಸ್ವಲ್ಪ ಮುಂದೆ ಬಂದಿತ್ತು, ಬಂದಿತ್ತು ಎಂದೇ ಮಹದೇವು ಆಮೇಲೂ ಆಣೆ ಮಾಡಿ ಹೇಳಬಲ್ಲ. ತಗೋ ಮಾರಾಯ, ಒಂದು ತುತ್ತು ತಗೋ, ನಿನ್ನ ಗ್ರೂಪೂ ಬೇಡ, ಶೋನೂ ಬೇಡ, ಎಂದು ಅವನ ಒಳಗೆ ಏನೋ ಒಂದು ಬೇಡಿಕೊಂಡಿತು. ಬೇಡಿಕೊಂಡದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಾಲಿನಲ್ಲಿ ಬಗ್ಗಿದ್ದವರೆಲ್ಲಾ ಈಗ ನೆಟ್ಟಗೆ ನಿಂತು ನೋಡುತ್ತಿದ್ದರು. ಶಶಿಧರ ಅವರನ್ನು ನೋಡಿದ, ಮುಚ್ಚಳ ನೋಡಿದ. ಕೈಯನ್ನು ಅರಿವೆಯ ಒಳಗೆ ಸುತ್ತಿಕೊಂಡ.

"ಈಗ್ ತಾನೇ ಊಟ ಆಯ್ತಕ್ಕ," ಎಂದ.

ಅವನ ಹಿಂದೆ, ಮಂಟಪದ ಗೋಡೆಯ ಪಕ್ಕ, ಅಡುಗೆಯವರು ಆಗಿನ್ನೂ ಕಲ್ಲು ಜೋಡಿಸಿ ಒಲೆ ಹೂಡುತ್ತಿದ್ದರು. ಹಂಡೆ ಮಗುಚಿಕೊಂಡು ಬಿದ್ದಿತ್ತು. ಅರುಂಧತಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಮಹದೇವು ಆ ಮುಚ್ಚಳವನ್ನು ಅವಳ ಕೈಯಿಂದ ತೆಗೆದುಕೊಂಡು, ಗಾಡಿಗೆ ಒರಗಿ ನಿಂತು, ಒಂದು ತುತ್ತು ಬಾಯಿಗಿಟ್ಟುಕೊಂಡ. ನಿಧಾನವಾಗಿ ಅಗಿದು ನುಂಗಿದ.

"ಸುಳ್ಳೇಳಬ್ಯಾಡ ಶಶಿ," ಎಂದ. "ನಂಗೆ ಬೇಜಾರಾ‌ಯ್ತದೆ."